ಎಂಟು ಹುಡುಗಿಯರಿಗೆ ಐವತ್ತು ಹಾಸಿಗೆ

ಸರ್ಕಾರದ ಹತ್ತಿರ ಏನಾದರೂ ಕೇಳಲು ಹೊರಟವರು ಮೊದಲು ನನ್ನ ಹತ್ತಿರ ಬಂದು ಒಂದು ಲೋಟ ಕಾಫಿ ಕುಡಿದು ಹೋಗುವುದು ಒಳ್ಳೆಯದು. ಬುದ್ಧಿ ಹೇಳುವುದಕ್ಕೆ ನಾನು ಯಾರಿಂದಲೂ ಏನನ್ನೂ ತೆಗೆದುಕೊಂಡಿಲ್ಲ. ಬೇಡ ಅಂದವರಿಗೂ ಹೇಳಿದ್ದೇನೆ. ನಮ್ಮ ಬೀದಿಯಲ್ಲಿ ಯಾರ ಮನೆಯ ಹುಡುಗ ಯಾವ ಕಾಲೇಜು ಸೇರಬೇಕು, ಯಾರ ಮನೆಯ ಸಂಪು ಎಷ್ಟು ಆಳ ತೋಡಬೇಕು ಎಂಬುದಕ್ಕೆಲ್ಲ ನನ್ನ ಸಲಹೆ ಪುಕ್ಕಟೆ ಸಿಕ್ಕಿದೆ. ಆದರೆ ಈಗ ಹೇಳಲಿರುವ ಬುದ್ಧಿ ನನಗೆ ಪುಕ್ಕಟೆ ಬಂದದ್ದಲ್ಲ.

ಎಪ್ಪತ್ತರ ದಶಕದ ಮಾತು. ರಾಜಾಜಿನಗರದ ಮನೆಗಳಲ್ಲಿ ಹಿತ್ತಾಳೆ ಪಾತ್ರೆ ಅಟ್ಟ ಹತ್ತಿ, ಸ್ಟೀಲು ಅಡುಗೆಮನೆಗೆ ಬರುತ್ತಿದ್ದ ಕಾಲ. ನಾನು ತಲೆಯ ಮೇಲೆ ಬುಟ್ಟಿ ಹೊತ್ತು, ಹಳೆ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುತ್ತಿದ್ದವಳು. ಬ್ಯಾಂಕಿನವರ ಹೆಂಡತಿ ಎರಡು ಪ್ಯಾಂಟು, ಅಂಚು ಹರಿದ ಒಂದು ಜರಿ ಸೀರೆ ತಂದು ಮೆಟ್ಟಿಲ ಮೇಲೆ ಇಟ್ಟು, ಬಿಂದಿಗೆಯ ಮೇಲೆ ಕಣ್ಣು ನೆಡುತ್ತಿದ್ದರು. ನಾನು ಒಂದು ಚಮಚ ಎತ್ತಿ ತೋರಿಸುತ್ತಿದ್ದೆ. ಅವರು ನನ್ನನ್ನು ಗೇಟಿನ ಆಚೆ ಕಳಿಸುತ್ತಿದ್ದರು, ನಾನು ಮೂರು ಮನೆ ದಾಟುವಷ್ಟರಲ್ಲಿ ಮತ್ತೆ ಕೂಗುತ್ತಿದ್ದರು. ಅರ್ಧ ಗಂಟೆಯ ಮೇಲೆ ಇಬ್ಬರೂ ಒಂದು ಡಬರಿಯ ಮೇಲೆ ಬಂದು ನಿಲ್ಲುತ್ತಿದ್ದೆವು. ಅವರು ಇಳಿಯಲಿಕ್ಕೆ ಬಂದದ್ದೂ ಡಬರಿಗೇ, ನಾನು ಏರಲಿಕ್ಕೆ ಬಂದದ್ದೂ ಡಬರಿಗೇ. ಆದರೂ ಆ ಅರ್ಧ ಗಂಟೆ ಇಲ್ಲದಿದ್ದರೆ ಇಬ್ಬರಿಗೂ ಆ ದಿನ ಊಟ ರುಚಿಸುತ್ತಿರಲಿಲ್ಲ. ಬೇಕಾದ್ದಕ್ಕಿಂತ ನಾಲ್ಕು ಪಟ್ಟು ಕೇಳು, ನಿಧಾನವಾಗಿ ಇಳಿ, ನಿಜವಾದ ಲೆಕ್ಕವನ್ನು ಬಾಯಿ ಬಿಟ್ಟು ಹೇಳಬೇಡ. ಇಷ್ಟೇ ನನ್ನ ವಿದ್ಯೆ. ಈ ವಿದ್ಯೆಯಿಂದಲೇ ಬುಟ್ಟಿ ಇಳಿಸಿ, ಕಾಮಾಕ್ಷಿಪಾಳ್ಯದ ಕಡೆಗೆ ಹೋಗುವ ಓಣಿಯಲ್ಲಿ ಹತ್ತಡಿಯ ಒಂದು ಪಾತ್ರೆ ಅಂಗಡಿ ಹಾಕಿದೆ. ಇದೇ ವಿದ್ಯೆಯಿಂದ ಎಂಟು ಹುಡುಗಿಯರನ್ನು ಹೆಚ್ಚುಕಡಿಮೆ ಬೀದಿಗೂ ತಂದೆ.

ಅಂಗಡಿ ಹಾಕಿದ ಮೂರನೆಯ ವರ್ಷ. ಒಂದು ಬೆಳಗ್ಗೆ ಒಬ್ಬ ಹುಡುಗಿ ತಗಡಿನ ಟ್ರಂಕು ಹಿಡಿದು ಬಂದು ಬಾಗಿಲಲ್ಲಿ ನಿಂತಳು. ಹದಿನೆಂಟು ಹತ್ತೊಂಬತ್ತು ವಯಸ್ಸು. ಎರಡು ಓಣಿ ಆಚೆ ಇದ್ದ ರೆಡಿಮೇಡ್ ಬಟ್ಟೆಯ ಘಟಕದಲ್ಲಿ ಅಂಗಿಗಳಿಗೆ ಕಾಜಾ ಹೊಲಿಯುತ್ತಿದ್ದಳು, ಅಂದರೆ ಗುಂಡಿ ತೂರಿಸುವ ತೂತಿನ ಸುತ್ತ ದಾರ ಕಟ್ಟುವ ಕೆಲಸ. ಬೆರಳ ತುದಿ ನೋಡಿಯೇ ಗೊತ್ತಾಯಿತು.

"ಟ್ರಂಕು ಬದಲಿಗೆ ಪಾತ್ರೆ ಕೊಡಲ್ಲಮ್ಮ, ಬಟ್ಟೆ ಇದ್ರೆ ತಗೊಂಬಾ," ಅಂದೆ.

"ಕೊಡೋಕಲ್ಲ ಅಕ್ಕಾ. ಇಡೋಕೆ."

"ಇಡೋಕೆ ಅಂದ್ರೆ?"

"ನಿಮ್ಮ ಅಂಗಡೀಲಿ ಇರ್ಲಿ. ಭಾನುವಾರ ಬಂದು ಬಟ್ಟೆ ಬದಲಾಯಿಸ್ಕೊಂಡು ಹೋಗ್ತೀನಿ."

"ಮನೇಲಿ ಇಡೋದಕ್ಕೇನೇ?"

"ಮನೆ ಇದ್ರೆ ಅಲ್ಲೇ ಇಡ್ತಿದ್ದೆ ಅಲ್ವಾ ಅಕ್ಕಾ?"

ನನ್ನ ಅಂಗಡಿಯಲ್ಲಿ ನನಗೆ ತಿರುಗಿ ಮಾತಾಡುವವರು ಕಡಿಮೆ. ಹುಡುಗಿ ಮೆಚ್ಚಿಗೆಯಾದಳು. ಬಿಂದಿಗೆಗಳ ಹಿಂದೆ ಜಾಗ ಮಾಡಿಕೊಟ್ಟೆ. ಆ ಒಂದು ಉಪಕಾರಕ್ಕೆ ಪ್ರತಿಫಲವಾಗಿ ತಿಂಗಳೊಳಗೆ ನನ್ನ ಅಂಗಡಿಯಲ್ಲಿ ಎಂಟು ಟ್ರಂಕುಗಳಾದವು. ಗಿರಾಕಿಗಳು ಬಂದು, "ಏನ್ರೀ, ಟ್ರಂಕಿನ ವ್ಯಾಪಾರಾನೂ ಶುರು ಮಾಡಿದ್ರಾ?" ಎಂದು ಕೇಳತೊಡಗಿದರು.

ಎಂಟು ಜನರೂ ಒಂದೇ ಕಡೆಯಿಂದ ಬಂದವರು. ಹೆತ್ತವರಿಲ್ಲದ ಹೆಣ್ಣುಮಕ್ಕಳನ್ನು ಇಟ್ಟುಕೊಳ್ಳುವ ಸರ್ಕಾರದ ಒಂದು ಆಶ್ರಯ, ಎಲ್ಲರೂ ಅದನ್ನು ಹೋಮು ಅನ್ನುತ್ತಿದ್ದರು. ಸರ್ಕಾರ ಅಲ್ಲಿ ಮಕ್ಕಳನ್ನು ಹದಿನೆಂಟು ವರ್ಷದವರೆಗೆ ಸಾಕುತ್ತದೆ. ಹದಿನೆಂಟು ತುಂಬಿದ ದಿನ ಒಂದು ಟ್ರಂಕು, ಎರಡು ಸೀರೆ ಕೊಟ್ಟು, ಇನ್ನು ನೀನು ದೊಡ್ಡವಳು ಅನ್ನುತ್ತದೆ. ಹದಿನೇಳು ವರ್ಷ ಮುನ್ನೂರ ಅರವತ್ತನಾಲ್ಕು ದಿನ ಅನಾಥೆಯಾಗಿದ್ದವಳು ಒಂದೇ ಬೆಳಗ್ಗೆ ದೊಡ್ಡವಳಾಗಿ, ಮನೆ, ಅಡ್ವಾನ್ಸು, ಹಿರಿಯರ ಶಿಫಾರಸು ಎಲ್ಲವನ್ನೂ ತಾನೇ ಹುಟ್ಟಿಸಿಕೊಳ್ಳಬೇಕು. ಒಂಟಿ ಹುಡುಗಿಗೆ ಬೆಂಗಳೂರಿನಲ್ಲಿ ಯಾರು ಮನೆ ಕೊಡುತ್ತಾರೆ? ಮನೆ ಮಾಲೀಕರು ಕೇಳುವ ಮೊದಲ ಪ್ರಶ್ನೆಯೇ "ಯಜಮಾನರು ಎಲ್ಲಿ ಕೆಲಸ?" ಎಂದು.

ಹಾಗೆಂದು ಸರ್ಕಾರ ಕೈ ಕಟ್ಟಿ ಕೂತಿತ್ತು ಅನ್ನಬಾರದು. ಯಜಮಾನರನ್ನು ಒದಗಿಸುವ ಏರ್ಪಾಡು ಅದರ ಬಳಿ ಇತ್ತು. ಹೋಮಿನ ಹುಡುಗಿಯನ್ನು ಮದುವೆಯಾಗುತ್ತೇನೆಂದು ಗಂಡಸರು ಅರ್ಜಿ ಹಾಕುತ್ತಿದ್ದರು. ಹೋಮಿನ ಮೇಲ್ವಿಚಾರಕಿ ಮೇಟ್ರನ್ ಹುಡುಗಿಯರನ್ನು ಸಾಲಾಗಿ ನಿಲ್ಲಿಸುತ್ತಿದ್ದಳು. ಆಯ್ಕೆಯಾದವಳಿಗೆ ತಾಳಿ, ಸೀರೆ, ಒಂದು ಸಂಸಾರಕ್ಕೆ ಬೇಕಾದಷ್ಟು ಸ್ಟೀಲ್ ಪಾತ್ರೆ, ಎಲ್ಲಕ್ಕೂ ಅನುದಾನವಿತ್ತು. ಇದೆಲ್ಲ ನನಗೆ ಹೇಗೆ ಗೊತ್ತು ಅನ್ನುತ್ತೀರಾ? ಆ ಪಾತ್ರೆಗಳನ್ನು ಒದಗಿಸುತ್ತಿದ್ದವಳು ನಾನೇ. ಮದುವೆಯ ದಿನ ಹೋಮಿನ ಅಂಗಳಕ್ಕೆ ನಾನೇ ಹೋಗಿ ಇಳಿಸಿ ಬರುತ್ತಿದ್ದೆ. ಎರಡನೆಯ ಮದುವೆಯ ಗಂಡುಗಳು, ಮೂರು ಮಕ್ಕಳ ತಂದೆಯರು, ಬೆರಳ ಗೆಣ್ಣಿನಿಂದ ಪಾತ್ರೆಯ ತಳ ಬಡಿದು, ಕಿವಿಗೊಟ್ಟು ದಪ್ಪ ನೋಡುತ್ತಿದ್ದರು. ಪಕ್ಕದಲ್ಲಿ ನಿಂತ ಹುಡುಗಿಯನ್ನು ಒಂದು ಮಾತು ಕೇಳಿದ್ದನ್ನು ನಾನು ಕಂಡಿಲ್ಲ. ಪಾತ್ರೆ ಮಾತ್ರ ಯಾವತ್ತೂ ವಾಪಸ್ ಬಂದಿಲ್ಲ, ಅಷ್ಟು ಒಳ್ಳೆಯ ಮಾಲು ಕೊಡುತ್ತಿದ್ದೆ.

ಅಂದರೆ ಲೆಕ್ಕ ಹೀಗೆ: ಹುಡುಗಿ ಮದುವೆಯಾಗುತ್ತೇನೆ ಅಂದರೆ ಬಿಂದಿಗೆಯವರೆಗೆ ಎಲ್ಲವೂ ಉಂಟು. ದುಡಿದು ತಿನ್ನುತ್ತೇನೆ, ಮಲಗಲು ಆರಡಿ ಜಾಗ ತೋರಿಸಿ ಅಂದರೆ ಅದಕ್ಕೆ ಅನುದಾನವಿಲ್ಲ.

ಕಾಜಾ ಹುಡುಗಿಯೂ ಉಳಿದ ಏಳು ಜನರೂ ಹೊಲಿಗೆ ಘಟಕದ ಶೆಡ್ಡಿನಲ್ಲೇ ಮಲಗುತ್ತಿದ್ದರು. ಮಾಲೀಕ ಧರ್ಮಿಷ್ಠ. ಸಂಜೆ ಮಷಿನ್ ನಿಂತ ಮೇಲೆ ಬಟ್ಟೆಯ ಚೂರುಗಳ ಮೂಟೆಗಳ ಮೇಲೆ ಮಲಗಲು ಬಿಟ್ಟು, ಹೊರಗಿನಿಂದ ಬೀಗ ಜಡಿದುಕೊಂಡು ಹೋಗುತ್ತಿದ್ದ. ಬೀಗ ಹುಡುಗಿಯರ ಕ್ಷೇಮಕ್ಕೆ ಅನ್ನುತ್ತಿದ್ದ. ಬಟ್ಟೆಯ ಥಾನುಗಳೂ ಒಳಗೇ ಇದ್ದವು ಎಂಬುದು ಬೇರೆ ಮಾತು. ಬೆಳಗ್ಗೆ ಅವನು ಬಂದು ಬೀಗ ತೆಗೆಯುವವರೆಗೆ ಬೆಂಕಿ ಬಿದ್ದರೂ ಸರಿ, ಹೊಟ್ಟೆ ಕೆಟ್ಟರೂ ಸರಿ.

ಯುಗಾದಿಯ ಮಾರನೆಯ ದಿನ ಕಾಜಾ ಹುಡುಗಿ ಬಂದು ಟ್ರಂಕಿನ ಮೇಲೆ ಕೂತಳು. ಮುಖ ಇಳಿದಿತ್ತು.

"ಓನರು ರಾತ್ರಿ ಪಾಳಿ ಶುರು ಮಾಡ್ತಾರಂತೆ ಅಕ್ಕಾ. ಎಕ್ಸ್‌ಪೋರ್ಟ್ ಆರ್ಡರ್ ಬಂದಿದೆಯಂತೆ. ದೀಪಾವಳಿಯಿಂದ ಶೆಡ್ಡಿನ ತುಂಬಾ ಮಷಿನ್ನು, ಗಂಡಸು ಟೈಲರುಗಳು. ನಾವು ಜಾಗ ನೋಡ್ಕೋಬೇಕಂತೆ."

"ಏನು ಮಾಡ್ತೀಯೇ?"

"ಮೇಟ್ರನ್ನು ವಾಪಸ್ ಬಾ ಅಂದ್ರು. ಅರ್ಜಿ ಹಾಕಿರೋರು ಇಬ್ರಿದ್ದಾರಂತೆ. ಒಬ್ಬರಿಗೆ ಸ್ವಂತ ಮನೆ ಇದೆಯಂತೆ."

"ವಯಸ್ಸು?"

"ಅದನ್ನ ಹೇಳ್ಲಿಲ್ಲ. ಮನೆ ಇದೆ ಅಂತ ಎರಡು ಸಲ ಹೇಳಿದ್ರು."

ದೀಪಾವಳಿಗೆ ಏಳು ತಿಂಗಳಿತ್ತು. ಏಳು ತಿಂಗಳಲ್ಲಿ ನಾನು ಎಂತೆಂಥ ಗೃಹಿಣಿಯರನ್ನು ಬಗ್ಗಿಸಿದ್ದೇನೆ, ಒಂದು ಸರ್ಕಾರ ಯಾವ ಲೆಕ್ಕ ಎಂದುಕೊಂಡೆ. ಪರೋಪಕಾರ ಅಂತ ಯಾರೂ ತಪ್ಪು ತಿಳಿಯಬಾರದು. ಹುಡುಗಿಯರಿಗೆ ಮನೆಯಾದರೆ ನನ್ನ ಅಂಗಡಿಯೂ ಖಾಲಿಯಾಗುತ್ತದೆ.

ಮೊದಲು ಬಡಾವಣೆಯ ಸಂಘಕ್ಕೆ ಹೋದೆ. ನಾಲ್ಕು ಜನ ದೊಡ್ಡವರ ಸಹಿ ಇದ್ದರೆ ಕಚೇರಿಯಲ್ಲಿ ಕುರ್ಚಿ ಕೊಡುತ್ತಾರೆ. ಸಂಘದ ಅಧ್ಯಕ್ಷರು ನಿವೃತ್ತ ಅಧಿಕಾರಿ. ಬೆಳಗ್ಗೆ ವಾಕಿಂಗ್ ಹೋಗುವಾಗಲೂ ಫೈಲು ನೋಡುವ ಮುಖದಲ್ಲೇ ಹೋಗುತ್ತಿದ್ದವರು. ಹೋಮಿನಿಂದ ಹೊರಬಂದ ಹುಡುಗಿಯರಿಗೆ ನಮ್ಮ ಕಡೆ ಒಂದು ಹಾಸ್ಟೆಲ್ ಬೇಕು, ಸರ್ಕಾರ ಬಾಡಿಗೆ ಕೊಡಲಿ, ಹುಡುಗಿಯರು ಊಟದ ಖರ್ಚು ನೋಡಿಕೊಳ್ಳುತ್ತಾರೆ ಎಂದು ಸಭೆಯಲ್ಲಿ ಹೇಳಿದೆ.

"ಬಹಳ ಒಳ್ಳೆಯ ವಿಚಾರ," ಅಂದರು ಅಧ್ಯಕ್ಷರು. "ಮಾನವೀಯ ವಿಚಾರ. ಆದ್ರೆ ನೋಡಮ್ಮ, ಇದು ಫ್ಯಾಮಿಲಿಗಳಿರೋ ಬಡಾವಣೆ."

"ಅವರೂ ಹುಡುಗೀರೇ ಸಾರ್, ಆನೆಗಳಲ್ಲ."

"ಹಾಗಲ್ಲ. ಮಲ್ಲತ್ತಹಳ್ಳಿ ಕೆರೆ ಕಡೆ ಎಷ್ಟು ಪ್ರಶಾಂತವಾಗಿದೆ! ಗಾಳಿ, ಬೆಳಕು…"

"ಬ್ಯಾಡರಹಳ್ಳಿ ಇನ್ನೂ ವಾಸಿ," ಎಂದರು ಇನ್ನೊಬ್ಬರು. "ವಿಶಾಲವಾದ ಜಾಗ."

ಬ್ಯಾಡರಹಳ್ಳಿ ಆಗ ಹೊಲಗದ್ದೆ. ಸಂಜೆಯ ಬಸ್ಸು ತಪ್ಪಿದರೆ ಮಾಗಡಿ ರಸ್ತೆಯಲ್ಲಿ ನಾಯಿಗಳ ಜೊತೆ ನಡೆಯಬೇಕು. ಅನಾಥ ಹುಡುಗಿಯರ ಶ್ವಾಸಕೋಶದ ಬಗ್ಗೆ ನಮ್ಮ ಬಡಾವಣೆಗೆ ಇಷ್ಟು ಕಾಳಜಿ ಇದೆ ಎಂದು ನನಗೆ ಆವತ್ತೇ ತಿಳಿದದ್ದು.

ಸಭೆಯಲ್ಲಿ ನನ್ನ ಪರ ಮಾತಾಡಿದವರು ಒಬ್ಬರೇ. ಧಾರವಾಡದ ಕಡೆಯಿಂದ ಬಂದು ನಮ್ಮಲ್ಲಿ ನೆಲೆಸಿದ್ದ ಹೈಸ್ಕೂಲ್ ಟೀಚರು.

"ಯಾಕ್ರೀ ಸರ, ನಿಮ್ಮ ಮಗಳು ಹಾಸ್ಟೆಲ್‌ನಾಗ ಇದ್ದು ಓದಾಕತ್ತಿಲ್ಲೇನು? ಆಕಿಗೆ ಕೆರಿ ದಂಡಿ ಗಾಳಿ ಬ್ಯಾಡೇನ್ರಿ?"

ಅಧ್ಯಕ್ಷರು ನೀರು ಕುಡಿದರು. ಕೊನೆಗೆ ಸಂಘವು ಹಾಸ್ಟೆಲನ್ನು ತುಂಬು ಹೃದಯದಿಂದ ಬೆಂಬಲಿಸಿತು, ಅದು ಸಂಘದ ವ್ಯಾಪ್ತಿಯ ಹೊರಗೆ ಇರತಕ್ಕದ್ದು ಎಂಬ ಷರತ್ತಿನ ಮೇಲೆ.

ಅರ್ಜಿ ಬರೆದವರು ಆ ಟೀಚರೇ. ನನ್ನದು ಏಳನೆಯ ಕ್ಲಾಸು. ಅಕ್ಷರ ದುಂಡಗಿದ್ದರೂ 'ಸವಿನಯ ಪ್ರಾರ್ಥನೆ' ಬರುವುದಿಲ್ಲ. ಅವರ ಮನೆಯ ಜಗಲಿಯಲ್ಲಿ ಕೂತು ಹೇಳುತ್ತ ಹೋದೆ, ಅವರು ಬರೆಯುತ್ತ ಹೋದರು.

"ಎಷ್ಟು ಮಂದಿಗೆ ಅಂತ ಬರೀಲ್ರಿ?"

"ಐವತ್ತು."

ಪೆನ್ನು ನಿಂತಿತು. "ಎಂಟು ಮಂದಿ ಅದಾರ ಅಂದಿದ್ರಿ?"

"ಎಂಟು ಅಂತ ಬರೆದ್ರೆ ಎರಡು ಕೊಡ್ತಾರೆ ಟೀಚರ್. ಐವತ್ತು ಕೇಳಿದ್ರೆ ನಲವತ್ತು ಕತ್ತರಿಸಿ ಹತ್ತಕ್ಕೆ ಬಂದು ನಿಲ್ತಾರೆ. ಇದು ವ್ಯಾಪಾರದ ಸೂಕ್ಷ್ಮ, ನಿಮಗೆ ಗೊತ್ತಾಗಲ್ಲ."

"ಸುಳ್ಳ ಆಗ್ತೈತಲ್ರಿ."

"ಸುಳ್ಳಲ್ಲ, ಮೊದಲ ಬೆಲೆ."

ಟೀಚರು ಐವತ್ತು ಎಂದು ಬರೆದರು. ಬರೆಯುವಾಗ ಅವರ ತುಟಿ ಹೇಗಿತ್ತೆಂದರೆ, ನಾನೇ ವಿದ್ಯಾರ್ಥಿಯಾಗಿದ್ದರೆ ಬೆಂಚಿನ ಮೇಲೆ ನಿಲ್ಲುತ್ತಿದ್ದೆ.

ಹೋಮು ನಡೆಸುವ ಇಲಾಖೆಯ ಕಚೇರಿಗೆ ಹೋದೆ. ಅಲ್ಲಿನ ಅಧಿಕಾರಿಯ ಹೆಸರು ಹೇಳುವುದು ಬೇಡ, ಕೆಟ್ಟ ಮನುಷ್ಯನಲ್ಲ. ಅರ್ಜಿ ಓದಿದರು, ಐವತ್ತು ಎಂಬ ಕಡೆ ಕನ್ನಡಕ ಮೇಲೆ ಮಾಡಿಕೊಂಡು ನನ್ನನ್ನು ನೋಡಿದರು. ಈಗ ಇಳಿಸುತ್ತಾರೆ, ಈಗ ಇಳಿಸುತ್ತಾರೆ ಎಂದು ನಾನು ಸೆರಗು ಸರಿಮಾಡಿಕೊಂಡು ಸಿದ್ಧಳಾದೆ. ಅವರು ಒಂದು ಮಾತೂ ಆಡಲಿಲ್ಲ. ಮೂಲೆಯಲ್ಲಿ ಏನೋ ಬರೆದು ಸಹಿ ಹಾಕಿ, "ಆಯ್ತಮ್ಮ, ಮುಂದಕ್ಕೆ ಕಳಿಸ್ತೀನಿ," ಎಂದರು.

ಚೌಕಾಸಿಯೇ ಇಲ್ಲ! ಬಸ್ಸಿನಲ್ಲಿ ವಾಪಸ್ ಬರುವಾಗ ಕಾಲು ನೆಲದ ಮೇಲಿರಲಿಲ್ಲ. ಐವತ್ತಕ್ಕೆ ಒಪ್ಪಿಬಿಟ್ಟರಲ್ಲ, ನೂರು ಕೇಳಬೇಕಿತ್ತು ಎಂದು ಸಣ್ಣ ವ್ಯಸನವೂ ಆಯಿತು.

ಆಮೇಲೆ ಆಷಾಢ ಕಳೆಯಿತು, ಶ್ರಾವಣ ಬಂತು. ನಾನು ಹದಿನೈದು ದಿನಕ್ಕೊಮ್ಮೆ ಕಚೇರಿಯ ಬೆಂಚಿನ ಮೇಲೆ ಹಾಜರು. ಜವಾನನಿಗೆ ಒಂದು ಲೋಟ, ಗುಮಾಸ್ತರ ಮಗಳ ನಾಮಕರಣಕ್ಕೆ ಹಾಲು ಕುಡಿಸುವ ಒಂದು ಒಳಲೆ. ಫೈಲು ಎಲ್ಲಿದೆ ಅಂದರೆ "ಮೇಲೆ ಇದೆ" ಅನ್ನುತ್ತಿದ್ದರು. ಮೇಲೆ ಅಂದರೆ ಎರಡನೆಯ ಮಹಡಿಯೋ, ಸ್ವರ್ಗವೋ, ಯಾರೂ ಬಿಡಿಸಿ ಹೇಳಲಿಲ್ಲ. ಗಣೇಶ ಹಬ್ಬ ಮುಗಿದ ಮೇಲೆ ತಡೆಯಲಾರದೆ ಅಧಿಕಾರಿಯ ಕೋಣೆಗೇ ನುಗ್ಗಿದೆ.

"ಸಾರ್, ದೀಪಾವಳಿಗೆ ಹುಡುಗೀರು ಬೀದೀಲಿ ನಿಲ್ತಾರೆ. ಎಲ್ಲಿಗೆ ಬಂತು?"

"ಐವತ್ತು ಜನ ಅಂದ್ರೆ ಕಟ್ಟಡ ಆಗಬೇಕು, ಹುದ್ದೆಗಳು ಸೃಷ್ಟಿ ಆಗಬೇಕು, ಹಣಕಾಸಿನವರು ಒಪ್ಪಬೇಕು, ಬಜೆಟ್ಟಿನಲ್ಲಿ ಸೇರಬೇಕು. ಎರಡು ಮೂರು ವರ್ಷ ಅಂತೂ ಆಗತ್ತಮ್ಮ."

"ಎರಡು ಮೂರು ವರ್ಷ!"

"ಹದಿನೈದು ಜನದೊಳಗೆ ಇದ್ದಿದ್ರೆ ಬಾಡಿಗೆ ಮನೇಲಿ ನಡೆಸಬಹುದಿತ್ತು. ಅದಕ್ಕೆ ನನ್ನ ಸಹಿ ಸಾಕು. ಆವತ್ತೇ ಹಾಕಿಕೊಡ್ತಿದ್ದೆ."

ಬುಟ್ಟಿ ಹೊತ್ತ ದಿನದಿಂದ ಆವತ್ತಿನವರೆಗೆ ಹೆಚ್ಚು ಕೇಳಿ ಕೆಟ್ಟವಳಲ್ಲ ನಾನು. ನಮ್ಮ ಮಾರುಕಟ್ಟೆಯಲ್ಲಿ ಹೆಚ್ಚು ಕೇಳಿದರೆ ಎದುರಿನವರು ಬೈಯುತ್ತಾರೆ, ಅಷ್ಟೇ. ಕಚೇರಿಯಲ್ಲಿ ಯಾರೂ ಬೈಯುವುದಿಲ್ಲ. ಎಷ್ಟು ಕೇಳಿದಿರಿ ಎಂಬುದನ್ನು ನೋಡಿ ನಿಮ್ಮ ಕಾಗದ ಯಾವ ಮೇಜಿಗೆ ಹೋಗಬೇಕೆಂದು ತೀರ್ಮಾನಿಸಿ, ಮರ್ಯಾದೆಯಿಂದ ಕೈ ಮುಗಿದು ಕಳಿಸಿಕೊಡುತ್ತಾರೆ. ಆ ಮರ್ಯಾದೆಯನ್ನು ನಾನು ಒಪ್ಪಿಗೆ ಎಂದುಕೊಂಡು ಐದು ತಿಂಗಳು ಬೆಂಚು ಕಾಯಿಸಿದ್ದೆ.

ಆದರೂ ಅಭ್ಯಾಸ ಬಿಡಲಿಲ್ಲ. "ಹೋಗ್ಲಿ ಸಾರ್, ನಲವತ್ತು ಮಾಡಿ," ಅಂದೆ.

"ಏನು?"

"ಮೂವತ್ತು?"

"ಏನಮ್ಮಾ ಇದು, ಸೊಪ್ಪಿನ ಮಾರ್ಕೆಟ್ಟಾ?"

"ಹದಿನೈದೇ ಮಾಡಿ. ಮುಗೀತು."

ಅವರು ಪೆನ್ನಿನ ಮುಚ್ಚಳ ಹಾಕಿದರು. ಆ ಸದ್ದು ನನಗೆ ಹಿಡಿಸಲಿಲ್ಲ. "ಐವತ್ತು ಜನ ಬೀದೀಲಿದ್ದಾರೆ ಅಂತ ಬರೆದುಕೊಟ್ಟಿದ್ದೀರಿ. ಈಗ ಹದಿನೈದು ಅಂತೀರಿ. ಉಳಿದ ಮೂವತ್ತೈದು ಜನಕ್ಕೆ ಈ ಐದು ನಿಮಿಷದಲ್ಲಿ ಮನೆ ಸಿಕ್ತಾ? ಅಥವಾ ಹುಡುಗೀರೇ ಇಲ್ವಾ? ಇಂಥಾ ಅರ್ಜಿ ಎಷ್ಟು ನೋಡಿದ್ದೀನಿ ನಾನು. ಹಾಸ್ಟೆಲ್ ಹೆಸರಲ್ಲಿ ಬಾಡಿಗೆ ಹೊಡೆಯೋರು."

ಬುಟ್ಟಿ ಹೊತ್ತವಳಿಗೆ ಕಳ್ಳಿ ಅನ್ನಿಸಿಕೊಳ್ಳುವುದು ಹೊಸದಲ್ಲ. ಬಾಗಿಲ ಹತ್ತಿರ ಹೋಗಿ ತಿರುಗಿ, "ನಾಳೆ ಬರ್ತೀನಿ ಸಾರ್," ಅಂದೆ. "ಬರಬೇಡಿ," ಅಂದರು.

ಮಾರನೆಯ ದಿನ ಕಾಜಾ ಹುಡುಗಿಗೆ ಅರ್ಧ ದಿನ ರಜೆ ಹಾಕಿಸಿ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಪಾಠ ಹೇಳಿಕೊಟ್ಟೆ. "ನೋಡೇ, ನೀನು ಬರೀ ಅಳಬೇಕು. ಮಾತು ನಂದು. ಅವರು ಎಷ್ಟು ಜನ ಅಂತ ಕೇಳಿದ್ರೆ ಹದಿನೈದು ಅನ್ನು."

"ನಾವು ಎಂಟು ಜನ ಅಕ್ಕಾ."

"ಗೊತ್ತು ಕಣೇ. ಹದಿನೈದರವರೆಗೆ ಕೊಡ್ತಾರೆ. ಕೊಡೋದನ್ನ ಯಾಕೆ ಬಿಡ್ತೀಯಾ?"

ಹುಡುಗಿ ಕಿಟಕಿಯ ಆಚೆ ನೋಡುತ್ತಿದ್ದಳು. ಮೂಗಿನಿಂದ ಒಂದು ಹುಂ ಬಂತು. ಅದನ್ನು ನಾನು ಒಪ್ಪಿಗೆ ಎಂದುಕೊಂಡೆ. ನೋಡಿ, ಎರಡನೆಯ ಸಲ.

ಅಧಿಕಾರಿ ನನ್ನನ್ನು ಕಂಡು ಮುಖ ಗಂಟಿಕ್ಕಿದರು, ಹಿಂದೆ ಹುಡುಗಿಯನ್ನು ಕಂಡು ಸಡಿಲಿಸಿದರು. ಅವಳನ್ನೇ ಕೇಳಿದರು: "ಎಷ್ಟು ಜನ ಇದ್ದೀರಮ್ಮ?"

"ಎಂಟು ಸಾರ್."

ನಾನು ಅವಳ ತೋಳು ಚಿವುಟಿದೆ. ಅವಳು ತೋಳನ್ನು ಪಕ್ಕಕ್ಕೆ ಎಳೆದುಕೊಂಡು ಮುಂದುವರಿಸಿದಳು. "ಹೋಮಲ್ಲಿ ಇನ್ನೂ ನಾಲ್ಕು ಜನಕ್ಕೆ ಬರೋ ವರ್ಷ ಹದಿನೆಂಟು ತುಂಬತ್ತೆ. ಅವರನ್ನ ಸೇರಿಸಿದ್ರೆ ಹನ್ನೆರಡು."

"ಮತ್ತೆ ಐವತ್ತು ಎಲ್ಲಿಂದ ಬಂತು?"

"ಅಕ್ಕ ವ್ಯಾಪಾರದವರು ಸಾರ್. ಅವರಿಗೆ ಜಾಸ್ತಿ ಹೇಳೋದು ಅಭ್ಯಾಸ. ನಮ್ಮ ಟ್ರಂಕು ಇಟ್ಕೊಂಡಿದ್ದಾರೆ, ಒಂದು ದಿನಕ್ಕೂ ಏನೂ ಕೇಳಿಲ್ಲ."

ಹೊಗಳಿದಳೋ ತೆಗಳಿದಳೋ ತಿಳಿಯದೆ ನಾನು ಗೋಡೆಯ ಕ್ಯಾಲೆಂಡರು ನೋಡಿದೆ. ಅಧಿಕಾರಿಗೆ ನಗು ಬಂತು, ಕೆಮ್ಮಿ ನುಂಗಿದರು.

"ಮದುವೆ ಮಾಡ್ಕೋಬಹುದಲ್ಲಮ್ಮ? ಅದಕ್ಕೆ ಅನುದಾನ ಇದೆ. ವರನನ್ನ ನಾವೇ ವಿಚಾರಿಸಿ ನೋಡ್ತೀವಿ."

"ಮಾಡ್ಕೋತೀನಿ ಸಾರ್. ಮಲಗೋಕೆ ಜಾಗ ಇಲ್ಲ ಅಂತ ಮಾಡ್ಕೊಳ್ಳಲ್ಲ."

ಇಷ್ಟು ಒಳ್ಳೆಯ ಮಾತನ್ನು ಹಾಗೇ ಬಿಟ್ಟಿದ್ದರೆ ಸಾಕಿತ್ತು, ಆದರೆ ನನಗೆ ಸುಮ್ಮನಿರಲು ಬರುವುದಿಲ್ಲ. "ಸಾರ್, ಮದುವೆ ಪಾತ್ರೆ ನಾನೇ ಕೊಡೋಳು. ಮದುವೆ ಕಡಿಮೆ ಆದ್ರೆ ನನಗೇ ನಷ್ಟ. ಆದ್ರೂ ಹೇಳ್ತಾ ಇದೀನಿ. ಒಂದು ಮದುವೆಗೆ ನೀವು ಕೊಡೋ ಸಾಮಾನು ಒಂದೇ ಸಲ ಹೋಗತ್ತೆ, ಆ ಗಂಡು ಎಂಥವನು ಅಂತ ಆಮೇಲೆ ಯಾರೂ ಹೋಗಿ ನೋಡಲ್ಲ. ಅಷ್ಟೇ ದುಡ್ಡಲ್ಲಿ ಒಂದು ಹುಡುಗಿ ಒಂದು ವರ್ಷ ನೆಮ್ಮದಿಯಾಗಿ ಮಲಗಬಹುದು. ವರ್ಷ ಕಳೆದ ಮೇಲೆ ಅವಳೇ ದುಡಿದು ನಿಲ್ತಾಳೆ. ಇದರಲ್ಲಿ ಲಾಭ ಯಾರಿಗೆ, ನೀವೇ ಹೇಳಿ."

"ಸಾಕಮ್ಮ," ಅಂದರು. ಒಂದು ಹೊಸ ಹಾಳೆ ಎಳೆದುಕೊಂಡರು. "ಹನ್ನೆರಡು ಜನಕ್ಕೆ ಬೇರೆ ಅರ್ಜಿ ಬರೆದುಕೊಡಿ. ಹಳೇದು ವಾಪಸ್ ಬರಲ್ಲ, ಅದರ ಪಾಡಿಗೆ ಅದು ಮೇಲೆ ಹೋಗ್ತಾ ಇರಲಿ. ಒಂದು ಮನೆ ನೋಡಿ, ಮಾಲೀಕರ ಒಪ್ಪಿಗೆ ಪತ್ರ ತನ್ನಿ. ಹದಿನೈದು ದಿನದೊಳಗೆ."

ಹುಡುಗಿಯೇ ಕೂತು ಬರೆದಳು. ನಾನು ಪಕ್ಕದಲ್ಲಿ ನಿಂತು, ಜೀವಮಾನದಲ್ಲಿ ಮೊದಲ ಸಲ, ಒಂದು ಅಂಕಿಯನ್ನೂ ತಿದ್ದಲಿಲ್ಲ.

ಇನ್ನು ಮನೆ. ನಮ್ಮ ಬಡಾವಣೆಯ ನೈತಿಕತೆ ಎಷ್ಟು ಗಟ್ಟಿ ಎಂಬುದು ಆಗ ತಿಳಿಯಿತು. ಬಾಡಿಗೆ ಕೊಡುವುದು ಸರ್ಕಾರ, ತಿಂಗಳು ತಿಂಗಳು ಚೆಕ್ಕು ಬರುತ್ತದೆ ಎಂಬ ಮಾತು ನನ್ನ ಅಂಗಡಿಯಿಂದ ಹೊರಟು ಹಾಲಿನ ಬೂತು ಮುಟ್ಟುವಷ್ಟರಲ್ಲಿ, ಕೆರೆ ದಂಡೆಯ ಗಾಳಿಯನ್ನು ಎಲ್ಲರೂ ಮರೆತರು. ಸಂಜೆಯೊಳಗೆ ಅಧ್ಯಕ್ಷರೇ ಛತ್ರಿ ಹಿಡಿದು ಬಂದರು. ಬಸವೇಶ್ವರನಗರದಲ್ಲಿ ಅವರು ಕಟ್ಟಿಸಿದ ಹೊಸ ಮನೆ, ಬಸ್ಸಿಲ್ಲ, ನೀರು ದಿನ ಬಿಟ್ಟು ದಿನ ಎಂದು ಬಾಡಿಗೆಯವರು ಸಿಗದೆ ಬೀಗ ಹಾಕಿಕೊಂಡಿತ್ತು.

"ಆ ಮಕ್ಕಳ ವಿಚಾರ ಯೋಚನೆ ಮಾಡ್ತಾ ಇದ್ದೆ ಕಣಮ್ಮ," ಅಂದರು.

"ಪುಣ್ಯಾತ್ಮರು ನೀವು. ಬ್ಯಾಡರಹಳ್ಳೀಲಿ ಒಂದು ಮನೆ ನೋಡಿದ್ದೀನಿ ಸಾರ್. ವಿಶಾಲವಾಗಿದೆ."

"ಛೆ ಛೆ, ಅಷ್ಟು ದೂರ ಹೆಣ್ಣುಮಕ್ಕಳನ್ನ ಕಳಿಸೋದುಂಟಾ!"

ಇಲ್ಲಿ ನನ್ನ ವಿದ್ಯೆಗೆ ಮತ್ತೆ ಜೀವ ಬಂತು. ಎರಡು ಗಂಟೆ ಕೂತೆವು. ಗೇಟು ಏಳು ಗಂಟೆಗೆ ಮುಚ್ಚಬೇಕು ಅಂದರು, ಓವರ್‌ಟೈಮ್ ಇದ್ದರೆ ಒಂಬತ್ತು ಎಂದು ಒಪ್ಪಿಸಿದೆ. ಮೊಟ್ಟೆ ಬೇಯಿಸಬಾರದು ಅಂದರು, ವಾಸನೆ ಬರದ ಹಾಗೆ ಬೇಯಿಸುತ್ತಾರೆ ಅಂದೆ. ಹೊರಗಡೆಯಿಂದ ಬೀಗ ಹಾಕಿ ಕೀ ಕಾವಲಿನವನ ಹತ್ತಿರ ಇರಬೇಕು ಅಂದರು. ಅಲ್ಲಿಯವರೆಗೆ ಮೂಲೆಯಲ್ಲಿ ಸುಮ್ಮನೆ ನಿಂತಿದ್ದ ಕಾಜಾ ಹುಡುಗಿ, "ಬೀಗ ಬೇಡ ಸಾರ್," ಅಂದಳು. "ಒಳಗಡೆಯಿಂದ ಚಿಲಕ ಹಾಕ್ಕೋತೀವಿ." ಅಧ್ಯಕ್ಷರು ಆಗಲ್ಲ ಅಂದರು. ನಾನು ಬ್ಯಾಡರಹಳ್ಳಿಯ ಮನೆಯ ಜಗಲಿ, ಬಾವಿ, ಎರಡು ತೆಂಗಿನ ಮರ ಇವನ್ನೆಲ್ಲ ವರ್ಣಿಸತೊಡಗಿದೆ. ಆ ಮನೆಯನ್ನು ನಾನು ಕಂಡೇ ಇರಲಿಲ್ಲ. ಎರಡನೆಯ ತೆಂಗಿನ ಮರಕ್ಕೆ ಬರುವಷ್ಟರಲ್ಲಿ ಅಧ್ಯಕ್ಷರು ಚಿಲಕಕ್ಕೆ ಒಪ್ಪಿದರು.

ಆದೇಶ ಬಂದದ್ದು ದೀಪಾವಳಿಗೆ ನಾಲ್ಕು ದಿನ ಇರುವಾಗ. ಶೆಡ್ಡಿಗೆ ಆಗಲೇ ಹೊಸ ಮಷಿನ್ನುಗಳನ್ನು ಇಳಿಸುತ್ತಿದ್ದರು. ಶನಿವಾರ ಮಧ್ಯಾಹ್ನ ಒಂದು ಎತ್ತಿನ ಗಾಡಿಯಲ್ಲಿ ಎಂಟು ಟ್ರಂಕುಗಳು ನನ್ನ ಅಂಗಡಿಯಿಂದ ಹೋದವು. ಗಿರಾಕಿಗಳಿಗೆ ಮತ್ತೆ ಬಿಂದಿಗೆ ಕಾಣತೊಡಗಿತು.

ಈಗ ನನ್ನ ಬುದ್ಧಿಮಾತು, ಕೇಳಿದವರಿಗೂ ಕೇಳದವರಿಗೂ. ಎರಡು ಅರ್ಜಿ ಬರೆಯಿರಿ. ಒಂದು ಸಣ್ಣದು, ಎದುರಿಗೆ ಕೂತವರೇ ಸಹಿ ಹಾಕಬಲ್ಲಂಥದ್ದು, ತಲೆ ಎಣಿಸಿ ಬರೆದದ್ದು. ಹೋಗುವಾಗ ಆ ತಲೆಗಳಲ್ಲಿ ಒಂದನ್ನು ಜೊತೆಗೆ ಕರೆದುಕೊಂಡು ಹೋಗಿ, ಅದರ ಬಾಯಿ ಮುಚ್ಚಬೇಡಿ. ಇನ್ನೊಂದು ದೊಡ್ಡದು, ಮೇಲಕ್ಕೆ ಹೋಗುವಂಥದ್ದು, ಈ ವರ್ಷದವರಿಗಲ್ಲ, ಮುಂದೆ ಹದಿನೆಂಟು ತುಂಬುವ ಎಲ್ಲರಿಗೂ. ಅದನ್ನು ವರ್ಷ ವರ್ಷ ನೆನಪಿಸುತ್ತಿರಬೇಕು, ಬಜೆಟ್ಟಿಗೆ ಮೂರು ತಿಂಗಳು ಮೊದಲು, ಮೂರು ದಿನ ಮೊದಲಲ್ಲ. ನನ್ನ ಐವತ್ತು ಹಾಸಿಗೆಯ ಫೈಲಿಗೆ ಆ ದಶಕವೆಲ್ಲ ನೆನಪೋಲೆ ಹಾಕಿದೆ. ಪ್ರತಿ ಸಲವೂ "ಪರಿಶೀಲನೆಯಲ್ಲಿದೆ" ಎಂದು ಉತ್ತರ ಬಂತು. ಕಾಗದ ಒಳ್ಳೆಯದು, ಗಟ್ಟಿ. ಪಾತ್ರೆ ಸುತ್ತಿ ಕೊಡಲು ಅನುಕೂಲವಾಯಿತು. ಆದರೆ ಮದುವೆಗೆ ಒಪ್ಪದ ಹುಡುಗಿಗೂ ಒಂದು ಸೂರು ಕೊಡುವುದು ಸರ್ಕಾರದ ಕೆಲಸ ಎಂದು ಯಾರಾದರೂ ನೆನಪಿಸುತ್ತಲೇ ಇರಬೇಕಲ್ಲ. ಅರ್ಧ ಗಂಟೆಯ ಚೌಕಾಸಿಗೆ ಇಳಿಯದವರ ಹತ್ತಿರ ವರ್ಷಗಟ್ಟಲೆ ಚೌಕಾಸಿ ಮಾಡಬೇಕು.

ಅವರು ಮನೆ ಸೇರಿದ ಮಾರನೆಯ ದಿನ, ಭಾನುವಾರ. ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಅಧ್ಯಕ್ಷರು ಏದುಸಿರು ಬಿಡುತ್ತ ಅಂಗಡಿಗೆ ಬಂದರು.

"ಏನಮ್ಮಾ ಇದು? ಆವತ್ತು ಒಪ್ಪಿದ ಷರತ್ತುಗಳ ಪಟ್ಟಿಗೆ ಸಹಿ ಹಾಕಿಸೋಣ ಅಂತ ಹೋದ್ರೆ ಆ ನಿನ್ನ ಹುಡುಗಿ ಇನ್ನೂ ಮಲಗಿದ್ದಾಳೆ! ಹೊತ್ತು ನೆತ್ತಿ ಮೇಲೆ ಬಂತು. ಇದೇನು ಸಂಸಾರಸ್ಥರ ಲಕ್ಷಣವಾ?"

ಅಂಗಡಿಯನ್ನು ಪಕ್ಕದವರಿಗೆ ನೋಡಿಕೊಳ್ಳಲು ಹೇಳಿ ಅವರ ಹಿಂದೆ ಹೋದೆ. ಬಾಗಿಲು ತೆಗೆದ ಹುಡುಗಿ ತುಟಿಯ ಮೇಲೆ ಬೆರಳಿಟ್ಟಳು. ಉಳಿದವರು ಅಡುಗೆಮನೆಯಲ್ಲಿ ಸದ್ದಾಗದ ಹಾಗೆ ಪಾತ್ರೆ ಇಳಿಸುತ್ತಿದ್ದರು. ಸ್ಟೀಲು ಪಾತ್ರೆಯನ್ನು ಸದ್ದಿಲ್ಲದೆ ಇಳಿಸುವುದು ಎಷ್ಟು ಕಷ್ಟ ಎಂದು ನನಗಿಂತ ಬಲ್ಲವರಿಲ್ಲ. ಒಳಗಿನ ಕೋಣೆಯಲ್ಲಿ ಕಾಜಾ ಹುಡುಗಿ ಚಾಪೆಯ ಮೇಲೆ, ಗೋಡೆಯ ಕಡೆ ಮುಖ ಮಾಡಿ, ಕೈಕಾಲು ಹರಡಿಕೊಂಡು ಮಲಗಿದ್ದಳು. ಶೆಡ್ಡಿನ ಮೂಟೆಗಳ ಮೇಲೆ ಹಾಗೆ ಮಲಗಲು ಬರುವುದಿಲ್ಲ, ಪಕ್ಕದವರಿಗೆ ತಾಗುತ್ತದೆ. ಅಲ್ಲಿ ಬೆಳಗಾಗುವ ಮೊದಲೇ ಎದ್ದು ಮಷಿನ್ನುಗಳ ಧೂಳು ಒರೆಸಬೇಕಿತ್ತು.

"ಎಬ್ಬಿಸಮ್ಮ," ಅಂದರು ಅಧ್ಯಕ್ಷರು, ಗಟ್ಟಿಯಾಗಿ.

"ಮೆಲ್ಲಗೆ ಸಾರ್."

"ಸಹಿ ಹಾಕಿ ಮಲಗಲಿ."

"ಮಧ್ಯಾಹ್ನ ಹಾಕ್ತಾಳೆ."

"ಹನ್ನೆರಡಕ್ಕೆ?"

"ಮೂರಕ್ಕೆ."

"ಒಂದಕ್ಕೆ ಆದ್ರೂ?"

"ಮೂರು ಅಂದ್ರೆ ಮೂರೇ ಸಾರ್," ಅಂದೆ. ಅವರ ತೋಳು ಹಿಡಿದು ಹೊರಗಿನ ಕಟ್ಟೆಯ ಮೇಲೆ ಕೂರಿಸಿ, ನಾನೂ ಪಕ್ಕದಲ್ಲಿ ಕೂತೆ.